ಇನ್ನೊಂದು ಕೀಲಿಕೈ

ರಾತ್ರಿಪಾಳಿ ಮುಗಿಸಿ ಬಂದ ಕೂಡಲೆ ಗೊತ್ತಾಗತೈತಿ:
ಅವಲಕ್ಕಿ ಡಬ್ಬಿಯ ಮುಚ್ಚಳ
ನಾ ಎಂದೂ ಅಷ್ಟು ಬಿಗಿ ಮಾಡೂದಿಲ್ಲ.
ಕಿಡಕಿ ಮುಚ್ಚೈತಿ. ನಾ ತೆರೆದಿಟ್ಟು ಹೋಗಿದ್ದೆ.
ಹಗ್ಗದ ಮ್ಯಾಲ ತೂಗ್ಯಾಡತಿದ್ದ ಒಳಲಂಗ
ಮಡಿಕಿಯಾಗಿ ಕಾಟಿನ ಮ್ಯಾಲ ಕುಂತೈತಿ,
ಯಾರೋ ಬುದ್ಧಿ ಹೇಳಿ ಕೂಡಿಸಿದಂಗ.

ಕದ್ದದ್ದು ಏನೂ ಇಲ್ಲ.
ಕಳುವಾಗಿದ್ರ ಠಾಣೆಗೆ ಹೋಗಬಹುದಿತ್ತು.
ಏನು ಹೋಗೈತಿ ಅಂತ ಬರಸಲಿ?
ಮುಚ್ಚಳದ ಸಡಿಲು ಅಂತ ಬರಸಲಿ?

ನವನಗರದ ಈ ಸೆಕ್ಟರಿನ್ಯಾಗ
ಮನಿಗೆ ಹೆಸರಿಲ್ಲ, ಪ್ಲಾಟಿನ ನಂಬರ್ ಐತಿ.
ಕೆಳಗ ನೀಲವ್ವ ಬೇವೂರ.
ಮ್ಯಾಲ ನಾನು, ರಕ್ತನಿಧಿಯಾಗ
ಚೀಲಕ್ಕ ಚೀಟಿ ಹಚ್ಚಾಕಿ.
"ನದಾಫರಾ? ನಿಮ್ಮ ಹಿರ್ಯಾರು ನಮ್ಮ ಗಾದಿ ಹಿಂಜ್ಯಾರು"
ಅಂತ ಮನಿ ಕೊಟ್ಟಾಕಿ.
ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಡಿಪಾಜಿಟ್ಟು,
ನೀರಿಗೆ ಬ್ಯಾರೆ, ಮೋಟಾರಿಗೆ ಬ್ಯಾರೆ.
"ಮಾಂಸ ಬ್ಯಾಡ ಮತ್ತ" ಅಂದದ್ದು ಕಾಗದದಾಗ ಇಲ್ಲ,
ಆದ್ರ ದಿನಾ ಪಾವಟಿಗಿ ಮ್ಯಾಲ ಕುಂತಿರತೈತಿ.
ಒಂದಽ ಬಾಗಲಕ್ಕ ಎರಡು ಕೀಲಿಕೈ ಅನ್ನೂದೂ
ಯಾವ ಸಾಲಿನ್ಯಾಗೂ ಬರದಿರಲಿಲ್ಲ.

ಹ್ವಾದ ಸೋಮವಾರ ಮುಂಜಾನೆ ಕೇಳಿಬಿಟ್ಟೆ.
ಸಂಡಿಗಿ ಹಾಕಾಕ ಮಾಳಗಿ ಏರಿ ಬಂದಿದ್ಲು.
"ಗ್ಯಾಸಿನ ವಾಸನಿ ಬಂದಂಗಾತವಾ" ಅಂದ್ಲು ಮೊದಲು.
ಆಮ್ಯಾಲ, "ಬೆಕ್ಕು ಹೊಕ್ಕಿತ್ತು."
ಆಮ್ಯಾಲ, "ನನ್ನ ಮನಿ, ನಾ ಹೊಕ್ಕರ ಏನಾತು?"

ಗ್ವಾಡಿ ನಿಮ್ಮದು, ಅಂದೆ.
ಒಳಗಿನ ಗಾಳಿಗೆ ಐದನೇ ತಾರೀಖಿಗೊಮ್ಮೆ
ಆರು ಸಾವಿರದ ಐನೂರು ನಾ ಕೊಡತೀನಿ.

ಬೈತಾಳ ಅನಕೊಂಡಿದ್ದೆ.
ಬೆರಳಿಗೆ ಹತ್ತಿದ ಹಿಟ್ಟು ಒಣಗೂತನಕ
ಸುಮ್ನ ನಿಂತ್ಲು.

"ಹಳೇ ಊರಾಗ, ಕಿಲ್ಲಾದಾಗ ನಮ್ಮನಿ.
ಟೇಪು ಹಿಡಕೊಂಡು ನಾಕು ಮಂದಿ ಬಂದ್ರು,
ಬಾಗಲಾ ಬಡೀಲಿಲ್ಲ.
ಅಡಗಿಮನಿ ಅಳದ್ರು, ಬಚ್ಚಲಾ ಅಳದ್ರು.
ಹಸಿ ಬಾಣಂತಿ ನಾನು. ಹೊರಸು ಸರಸ್ರಿ ಅಂದ್ರು,
ಹೊರಸಿನ ಕೆಳಗೂ ಜಾಗಾ ಇರತೈತಲ್ಲ.
ಕೆಂಪು ಬಣ್ಣದಾಗ ಬಾಗಲಕ್ಕ ನಂಬರ್ ಬರದು ಹ್ವಾದ್ರು.
ಆಮ್ಯಾಲ ಹಿನ್ನೀರು ಬಂತು.
ಅದೂ ಬಡೀಲಿಲ್ಲ."

ಇಷ್ಟಂದು, ಸೊಂಟದ ಗೊಂಚಲದಾಗಿಂದ ಒಂದು ಬಿಚ್ಚಿ
ನನ್ನ ಕೈಯಾಗ ಒತ್ತಿದ್ಲು.
"ತಗೋ ದಿಲಶಾದವ್ವಾ. ಇನ್ನ ನಿಶ್ಚಿಂತಿ ಮಲಕೋ."

ನಿದ್ದಿಗಣ್ಣಾಗ ದಿಂಬಿನ ಕೆಳಗ ಇಟ್ಟು ಮಲಗಿದೆ.
ಮೂರು ಗಂಟೇಕ ಎದ್ದು ಬಾಗಲಕ್ಕ ಹಾಕಿ ನೋಡಿದೆ.
ಹೋಗಲಿಲ್ಲ.
ಬಟ್ಟುದ್ದದ ಕಬ್ಬಿಣ, ಸವದ ಹಲ್ಲು,
ತುಕ್ಕಿಗೆ ಕೊಬ್ಬರಿ ಎಣ್ಣಿ ವಾಸನಿ.
ಯಾರೋ ಇದಕ್ಕ ವರ್ಷಾ ವರ್ಷಾ ಎಣ್ಣಿ ಹಚ್ಚ್ಯಾರ.

ತಪ್ಪಿ ಕೊಟ್ಟಳೋ, ತಿಳದು ಕೊಟ್ಟಳೋ.
ಎರಡು ದಿನ ಸಿಟ್ಟಿನ್ಯಾಗಽ ಇದ್ದೆ.
ಬಜಾರಕ್ಕ ಹೋಗಿ ಕೊಂಡಿಗೆ ಹೊಸಾ ಕೀಲಿ ತಂದೆ,
ಮುನ್ನೂರಾ ಎಂಬತ್ತು. ರಸೀದಿ ಇಟಗೊಂಡೀನಿ.

ಆದ್ರ ನೀರಾಗಿನ ಒಂದು ಬಾಗಲಾ
ಅವಲಕ್ಕಿ ಡಬ್ಬಿಯ ಪಕ್ಕ ಬಿದ್ದೈತಿ.
ಈಗ ನಾನೂ ಆಕಿ ಇಲ್ಲದಾಗ ಆಕಿ ಮನಿ ಹೊಗಬಹುದು.
ಸಂದೂಕ ತಗೀಬಹುದು, ಬಾಣಂತಿ ಹೊರಸು ಸರಸಬಹುದು,
ಸೀರಿ ಮಡಿಕಿ ಮಾಡಿ ಇಡಬಹುದು.
ಮೀನು ಬಿಟ್ರ ಯಾರೂ ಕೇಳೂದಿಲ್ಲ.

ತಿರುಗಿ ಕೊಡಾಕ ಕೆಳಗ ಇಳದೆ.
ಬಾಗಲಾ ತೆರದಽ ಇತ್ತು.
ಬೆನ್ನು ಈ ಕಡೆ ಮಾಡಿ, ಸೆರಗು ಜಾರಿ,
ರೊಟ್ಟಿ ಬಡೀತಿದ್ಲು.
ಹೊಸ್ತಿಲ ಹೊರಗ ನಿಂತು
ತೆರೆದ ಬಾಗಲಾ ಬಡದೆ.

ರೊಟ್ಟಿ ಸಪ್ಪಳ ನಿಂತಿತು.
ಸೆರಗು ಮ್ಯಾಲೇರಿತು.
"ಯಾರದು?"
ಹೇಳಿದೆ.
ಬಾ ಅಂತ ಇನ್ನೂ ಅಂದಿಲ್ಲ.
ನಿಂತೀನಿ.